ಭಾರದ ಲೆಕ್ಕ



ಎತ್ತಿನ ಗಾಡಿಗೆ ಮೂಟೆ ಹೇರುವುದನ್ನು ನಾವೆಲ್ಲ ನೋಡಿದ್ದೇವೆ. ಮೂಟೆಗಳನ್ನೆಲ್ಲ ಹಿಂದುಗಡೆಯೇ ಹೇರಿದರೆ ಏನಾಗುತ್ತದೆ? ಗಾಡಿಯ ಮೂಕಿ ಮೇಲಕ್ಕೆ ಏಳುತ್ತದೆ. ಬರೀ ಮುಂದುಗಡೆ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಅದಕ್ಕೇ ಗಾಡಿ ಹೊಡೆಯುವವರು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ ಭಾರ ಸರಿಮಾಡ್ತಾರೆ.

ವಿಮಾನಕ್ಕೂ ಇದೇ ಮಾತು. ಅದರಲ್ಲೂ ಚಿಕ್ಕ ವಿಮಾನಕ್ಕೆ. ಅದರಲ್ಲಿ ನಾಲ್ಕು ಜನವೋ, ಹತ್ತು ಹತ್ತೊಂಬತ್ತು ಜನವೋ ಕೂರುತ್ತಾರೆ. ಅಲ್ಲಿ ಒಂದು ಪೆಟ್ಟಿಗೆಯ ತೂಕವೂ ಲೆಕ್ಕಕ್ಕೆ ಬರುತ್ತದೆ.

ಭಾರ ಹೆಚ್ಚಾದರೆ ಏನಾಗುತ್ತದೆ?

ವಿಮಾನ ಮೇಲೇಳಲು ಮೊದಲು ನೆಲದ ಮೇಲೆ ಜೋರಾಗಿ ಓಡಬೇಕು. ಆಗ ಗಾಳಿ ಅದರ ರೆಕ್ಕೆಯನ್ನು ಎತ್ತುತ್ತದೆ. ಭಾರ ಹೆಚ್ಚಾದರೆ ಹೆಚ್ಚು ವೇಗ ಬೇಕು, ಓಡಲು ಹೆಚ್ಚು ದಾರಿಯೂ ಬೇಕು. ಏಳುವ ಮೊದಲೇ ದಾರಿ ಮುಗಿದರೆ ಗತಿಯೇನು? ಎದ್ದರೂ ನಿಧಾನವಾಗಿ ಏರುತ್ತದೆ. ಎದುರಿಗೆ ಮರ, ಗುಡ್ಡ ಇದ್ದರೆ ಅಪಾಯ. ಬಿಸಿಲಿಗೆ ಗಾಳಿ ತೆಳುವಾಗುತ್ತದೆ. ಆಗ ಕಷ್ಟ ಇನ್ನೂ ಹೆಚ್ಚು.

ಭಾರ ಹಿಂದಕ್ಕೆ ಬಿದ್ದರೆ ವಿಮಾನದ ಮೂತಿ ಮೇಲಕ್ಕೆ ಏಳುತ್ತದೆ. ಅತಿಯಾಗಿ ಎದ್ದರೆ ರೆಕ್ಕೆಗೆ ಎತ್ತುವ ಬಲ ಇರುವುದಿಲ್ಲ. ಗಾಡಿಯಾದರೆ ನಿಲ್ಲಿಸಿ ಮೂಟೆ ಇಳಿಸಬಹುದು. ಆಕಾಶದಲ್ಲಿ ಇಳಿಸೋದು ಎಲ್ಲಿ?

ಷಾರ್ಲೆಟ್‌ನಲ್ಲಿ ನಡೆದದ್ದು

ಅಮೆರಿಕ ದೇಶದಲ್ಲಿ ಷಾರ್ಲೆಟ್ ಎಂಬ ನಗರವಿದೆ. 2003ನೇ ಇಸವಿ ಜನವರಿ 8ರಂದು ಅಲ್ಲಿಂದ ಒಂದು ಚಿಕ್ಕ ವಿಮಾನ ಹೊರಟಿತು. ಅದರಲ್ಲಿ 19 ಪ್ರಯಾಣಿಕರು, ಇಬ್ಬರು ಪೈಲಟ್‌ಗಳು ಇದ್ದರು.

ಪ್ರಯಾಣಿಕರನ್ನು ಯಾರೂ ತಕ್ಕಡಿಗೆ ಹತ್ತಿಸಲಿಲ್ಲ. ಒಬ್ಬರಿಗೆ ಇಷ್ಟು, ಒಂದು ಚೀಲಕ್ಕೆ ಇಷ್ಟು ಎಂದು ಸರಾಸರಿ ತೂಕ ಹಿಡಿದು ಬರೆದುಕೊಂಡರು. ಆಗ ಅದೇ ಪದ್ಧತಿ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ವಿಮಾನ ಮೇಲೆದ್ದಿತು. ಮೂತಿ ಏರುತ್ತಲೇ ಹೋಯಿತು. ಪೈಲಟ್‌ಗಳು ಎಷ್ಟು ಪ್ರಯತ್ನಪಟ್ಟರೂ ಕೆಳಗೆ ಬರಲಿಲ್ಲ. ಒಂದು ನಿಮಿಷದೊಳಗೆ ವಿಮಾನ ಕೆಳಗೆ ಬಿತ್ತು. 21 ಜನರೂ ಸತ್ತರು.

ತನಿಖೆಯಲ್ಲಿ ಎರಡು ತಪ್ಪು ಕಂಡುಬಂದವು. ಒಂದು, ಮೂತಿಯನ್ನು ಏರಿಸಿ ಇಳಿಸುವ ತಂತಿಯನ್ನು ದುರಸ್ತಿಯಲ್ಲಿ ಸರಿಯಾಗಿ ಕೂರಿಸಿರಲಿಲ್ಲ. ಎರಡು, ಭಾರ ಮಿತಿ ಮೀರಿತ್ತು, ಹಿಂದಕ್ಕೂ ಬಿದ್ದಿತ್ತು. ಎರಡೂ ಸೇರಿ ಜೀವ ತೆಗೆದವು.

ಆಮೇಲೆ ಅಲ್ಲಿನ ಪ್ರಯಾಣಿಕರ ತೂಕ ನೋಡಿದರು. ಪುಸ್ತಕದಲ್ಲಿದ್ದ ಸರಾಸರಿಗಿಂತ ಒಬ್ಬೊಬ್ಬರು ಸುಮಾರು 9 ಕಿಲೋ ಹೆಚ್ಚಿದ್ದರು! ಜನರ ತೂಕ ಬದಲಾಗಿತ್ತು, ಪುಸ್ತಕ ಬದಲಾಗಿರಲಿಲ್ಲ. ಆಮೇಲೆ ಸರಾಸರಿಯನ್ನು ಹೆಚ್ಚಿಸಿದರು.

ನಮಗೇನು ಪಾಠ?

ಚಿಕ್ಕ ವಿಮಾನ ಹತ್ತುವ ಮುಂಚೆ ತೂಕ ಕೇಳಿದರೆ ನಿಜ ಹೇಳಬೇಕು. ಅದರಲ್ಲಿ ನಾಚಿಕೆ ಬೇಡ.

ನಮ್ಮಲ್ಲಿ ಎಷ್ಟೋ ಜನ ವಿಮಾನ ಹತ್ತಿಲ್ಲ. ಆದರೆ ದೋಣಿ ಹತ್ತುತ್ತೇವೆ, ಟೆಂಪೋ ಹತ್ತುತ್ತೇವೆ. "ಇನ್ನೊಬ್ಬರು ತಾನೇ, ಹತ್ತಿ ಹತ್ತಿ" ಅಂತಾರೆ. ಆ ಇನ್ನೊಬ್ಬರ ಭಾರವೂ ಭಾರವೇ ಅಲ್ವಾ? ಎಷ್ಟು ಜನ ಕೂರಬಹುದು ಎಂದು ಗಾಡಿಯ ಮೇಲೆ ಬರೆದಿದ್ದರೆ ಓದೋಣ. ಈಗ ನಮಗೆ ಓದಲು ಬರುತ್ತದೆ. ಹೆಚ್ಚಾದರೆ "ಮುಂದಿನದರಲ್ಲಿ ಬರ್ತೀವಿ" ಎನ್ನೋಣ. ಮನೆಗೆ ತಡವಾಗಿ ಹೋದರೂ ಚಿಂತೆಯಿಲ್ಲ, ಹೋಗಿ ಸೇರಬೇಕು.

ಹೊಸ ಪದ

ಸರಾಸರಿ: ಹತ್ತು ಜನರ ತೂಕ ಕೂಡಿಸಿ ಹತ್ತರಿಂದ ಭಾಗಿಸಿದರೆ ಬರುವ ತೂಕ.

ಉತ್ತರ ಬರೆಯಿರಿ

1. ಭಾರ ಹಿಂದಕ್ಕೆ ಬಿದ್ದರೆ ವಿಮಾನಕ್ಕೆ ಏನಾಗುತ್ತದೆ?
2. ಒಬ್ಬರಿಗೆ 9 ಕಿಲೋ ತಪ್ಪಿದರೆ 19 ಜನರಿಗೆ ಎಷ್ಟು ಕಿಲೋ ತಪ್ಪುತ್ತದೆ?
3. ನಿಮ್ಮೂರಿಗೆ ಬರುವ ಟೆಂಪೋದಲ್ಲಿ ಎಷ್ಟು ಜನ ಕೂರಬಹುದು? ಎಷ್ಟು ಜನ ಕೂರುತ್ತಾರೆ?