ಪಾತ್ರವೂ ಪಾತ್ರಧಾರಿಯೂ

ಶಿವಾನುಭವದ ಸಭೆಯಲ್ಲಿ ಒಬ್ಬ ಗಾಯಕನು ವಚನವನ್ನು ಹಾಡುತ್ತಾನೆ. ಸ್ವರ ಶುದ್ಧವಾಗಿದೆ, ಭಾವ ಪೂರ್ಣವಾಗಿದೆ. ಕೇಳಿದವರ ಕಣ್ಣಾಲಿಗಳು ತುಂಬುತ್ತವೆ. ಹಾಡು ಮುಗಿದೊಡನೆ ಹಲವರು ಎದ್ದು ಬಂದು ಅವನ ಪಾದಗಳನ್ನು ಮುಟ್ಟುತ್ತಾರೆ. ಕೆಲವು ಕಾಲ ಕಳೆಯುತ್ತದೆ. ಆ ಗಾಯಕನು ಕಡುಕೋಪಿಯೆಂದೋ, ಹಣದಾಸೆಯವನೆಂದೋ, ಮನೆಯವರನ್ನು ನೋಯಿಸುವವನೆಂದೋ ವಾರ್ತೆ ಬರುತ್ತದೆ. ಆಗ ಪಾದ ಮುಟ್ಟಿದವರಲ್ಲಿ ಮೂರು ಪಂಗಡಗಳಾಗುತ್ತವೆ. ಅಂತಹ ಕಂಠವುಳ್ಳವನು ಹಾಗೆ ಮಾಡಲಾರನು, ದೂರಿದವರೇ ಸುಳ್ಳರು ಎಂಬುದು ಮೊದಲನೆಯ ಪಂಗಡ. ಇನ್ನು ಮೇಲೆ ಅವನ ಹಾಡು ಕಿವಿಗೆ ಬೀಳಬಾರದು ಎಂಬುದು ಎರಡನೆಯದು. ವಚನ ಹಾಡುವವರೇ ಹೀಗಾದ ಮೇಲೆ ವಚನದಲ್ಲಿ ತಾನೆ ಏನಿದೆ ಎಂಬುದು ಮೂರನೆಯದು.

ಈ ಮೂವರೂ ಎಡವಿದುದು ಒಂದೇ ಕಲ್ಲನ್ನು. ಕಲೆಗೆ ಸಲ್ಲತಕ್ಕ ಮೆಚ್ಚುಗೆಯನ್ನೂ ಶೀಲಕ್ಕೆ ಸಲ್ಲತಕ್ಕ ವಂದನೆಯನ್ನೂ ಅವರು ಒಂದೇ ಗಂಟಿನಲ್ಲಿ ಕಟ್ಟಿದರು. ಮೂರನೆಯವನ ನಷ್ಟವಂತೂ ಎಲ್ಲಕ್ಕಿಂತ ದೊಡ್ಡದು. ಒಬ್ಬ ಮನುಷ್ಯನ ದೋಷವನ್ನು ಕಂಡು ಅವನು ತನ್ನ ಶ್ರದ್ಧೆಯನ್ನೇ ಕಳೆದುಕೊಂಡನು. ಆದುದರಿಂದ ಈ ಗಂಟನ್ನು ಬಿಡಿಸುವ ಬಗೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರುವುದು ಒಳ್ಳೆಯದು.

ಪಾತ್ರವೆಂಬ ಶಬ್ದ

ನಾಟಕದಲ್ಲಿ ರಾಮನಾಗಿಯೋ ರಾವಣನಾಗಿಯೋ ಬರುವುದನ್ನು ‘ಪಾತ್ರ’ವೆನ್ನುತ್ತೇವೆ. ಅಡಿಗೆಮನೆಯಲ್ಲಿ ಹಾಲನ್ನೋ ಅಂಬಲಿಯನ್ನೋ ಇಡುವುದನ್ನು ‘ಪಾತ್ರೆ’ಯೆನ್ನುತ್ತೇವೆ. ಎರಡರ ಮೂಲವೂ ಒಂದೇ. ಕಾಶ್ಮೀರದಲ್ಲಿ ಕ್ರಿ.ಶ. 1000ರ ಸುಮಾರಿನಲ್ಲಿದ್ದ ಅಭಿನವಗುಪ್ತನು ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನವನ್ನು ಬರೆಯುತ್ತಾ ಈ ಶಬ್ದದ ಮರ್ಮವನ್ನು ತೋರಿಸಿದ್ದಾನೆ. ರಸವಿರುವುದು ನಟನಲ್ಲಿ ಅಲ್ಲ. ನಟನು ಪ್ರೇಕ್ಷಕನಿಗೆ ರಸಾಸ್ವಾದದ ಸಾಧನ ಮಾತ್ರ. ಆದಕಾರಣವೇ ಅವನಿಗೆ ಪಾತ್ರವೆಂದು ಹೆಸರು. ಒಳಗಿರುವ ಪಾನದ ಸವಿಯನ್ನು ಪಾತ್ರೆಯು ತಾನು ಉಣ್ಣುವುದಿಲ್ಲ — ಇದು ಅವನ ಅಭಿಪ್ರಾಯದ ಸಾರ.

ಪಾತ್ರೆಗೆ ಗೌರವ ಬೇಡವೆಂದು ಇದರ ಅರ್ಥವಲ್ಲ. ಪಾತ್ರೆ ಸೋರಿದರೆ ಹಾಲು ನಿಲ್ಲದು. ಕಿಲುಬು ಹಿಡಿದರೆ ಹುಳಿ ಕೆಡುವುದು. ಕಂಠ, ಲಯ, ಅಭಿನಯ, ವರ್ಷಗಟ್ಟಲೆಯ ಅಭ್ಯಾಸ ಇವೆಲ್ಲವೂ ಪಾತ್ರೆಯ ಗುಣಗಳು. ಅವನ್ನು ಮನಸಾರೆ ಹೊಗಳಬೇಕು. ಆದರೆ ಹಾಲು ಕುಡಿದವನು ಪಾತ್ರೆಯೇ ಕರೆಯಿತೆಂದು ತಿಳಿದರೆ, ಹಸುವನ್ನು ಮರೆತಂತಾಯಿತು.

ಅಭಿನವಗುಪ್ತನಿಗಿಂತ ಹಿಂದಿನವನಾದ ಶಂಕುಕನೆಂಬ ಆಲಂಕಾರಿಕನು ಇನ್ನೊಂದು ಸೂಕ್ಷ್ಮವನ್ನು ಹೇಳಿದನು. ರಂಗದ ಮೇಲಿನ ನಟನನ್ನು ನೋಡುವಾಗ ಪ್ರೇಕ್ಷಕನ ಮನಸ್ಸಿನಲ್ಲಿ ಇರುವುದು ‘ಇವನೇ ರಾಮ’ನೆಂಬ ನಿಶ್ಚಯವಲ್ಲ, ‘ಇವನು ರಾಮನಲ್ಲ’ ಎಂಬ ನಿಷೇಧವಲ್ಲ, ‘ರಾಮನೋ ಅಲ್ಲವೋ’ ಎಂಬ ಸಂಶಯವಲ್ಲ, ‘ರಾಮನಂತಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ಕುದುರೆಯೆನ್ನುತ್ತೇವಷ್ಟೆ. ಆದರೆ ಅದಕ್ಕೆ ಹುಲ್ಲು ಹಾಕುವುದಿಲ್ಲ. ಇದು ಅಂತಹುದು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಪರದೆ ಇಳಿದ ಮೇಲೂ ನಟನನ್ನು ರಾಮನೆಂದೇ ಕಾಣುವವರು ಚಿತ್ರದ ಕುದುರೆಗೆ ಹುಲ್ಲು ಹಾಕುವವರು.

ಶಾಪಗ್ರಸ್ತರಾದ ಭರತಪುತ್ರರು

ಕಲಾವಿದರ ದೋಷವೆಂಬುದು ಇಂದಿನ ಮಾತಲ್ಲ. ನಾಟ್ಯಶಾಸ್ತ್ರದ ಕಡೆಯ ಅಧ್ಯಾಯದಲ್ಲಿಯೇ ಅದರ ಕಥೆಯಿದೆ. ನಾಟ್ಯವನ್ನು ಮೊದಲು ಕಲಿತ ಭರತಪುತ್ರರು ವಿದ್ಯಾಮದದಿಂದ ಕೊಬ್ಬಿದರು. ಋಷಿಗಳನ್ನು ಹಾಸ್ಯಕ್ಕೆ ಗುರಿಮಾಡಿ ಅಶ್ಲೀಲವಾದ ಪ್ರಯೋಗಗಳನ್ನು ಆಡಿದರು. ಋಷಿಗಳು ಕೋಪಗೊಂಡು ಶಾಪವಿತ್ತರು. ಇಂತಹ ವಿದ್ಯೆ ಅಳಿದುಹೋದೀತೆಂದು ದೇವತೆಗಳು ಹೆದರಿ ಬೇಡಿಕೊಂಡಾಗ ಋಷಿಗಳು ಕೊಟ್ಟ ಉತ್ತರವು ಗಮನಾರ್ಹವಾದುದು: ನಾಟ್ಯವು ಅಳಿಯುವುದಿಲ್ಲ, ಆದರೆ ಶಾಪದ ಉಳಿದ ಭಾಗ ನಿಲ್ಲುವುದು.

ಈ ತೀರ್ಪಿನಲ್ಲಿ ಎರಡು ತಕ್ಕಡಿಗಳಿವೆ. ಮಾಡಿದವರ ತಪ್ಪಿಗಾಗಿ ವಿದ್ಯೆಯನ್ನು ಸುಡಲಿಲ್ಲ. ವಿದ್ಯೆಯ ಹಿರಿಮೆಗಾಗಿ ಮಾಡಿದವರ ತಪ್ಪನ್ನು ಮನ್ನಿಸಲೂ ಇಲ್ಲ. ನಾಟ್ಯಕ್ಕೆ ಶಾಸ್ತ್ರವನ್ನು ಬರೆದ ಗ್ರಂಥವೇ ನಟರ ಅಪರಾಧವನ್ನು ಮುಚ್ಚಿಡದೆ ಹೇಳಿ, ಎರಡನ್ನೂ ಬೇರೆ ಬೇರೆ ತೂಗಿತು.

ಕಳ್ಳನ ವೇಷ, ದೇವರ ವೇಷ

ಗುಬ್ಬಿ ವೀರಣ್ಣನವರು (1891–1972) ನಾಡೆಲ್ಲ ಬಲ್ಲ ನಟರು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ದೀರ್ಘಕಾಲ ನಡೆಯಿಸಿದವರು. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳುತ್ತಿದ್ದರು. ಆ ಕಳ್ಳನನ್ನು ನೋಡಿ ನಕ್ಕವರಾರೂ ಮನೆಗೆ ಹೋಗುವಾಗ ವೀರಣ್ಣನವರು ಎದುರಾದರೆ ಜೇಬನ್ನು ಮುಟ್ಟಿ ನೋಡಿಕೊಳ್ಳಲಿಲ್ಲ. ವೇಷ ಬೇರೆ, ಮನುಷ್ಯ ಬೇರೆ ಎಂಬ ವಿವೇಕ ಅಲ್ಲಿ ತಾನಾಗಿಯೇ ಇದ್ದಿತು.

ಅದೇ ವಿವೇಕವು ದೇವರ ವೇಷದ ಮುಂದೆ ಏಕೆ ಓಡಿಹೋಗುತ್ತದೆ? 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣವು ಭಾನುವಾರದ ಬೆಳಿಗ್ಗೆ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಜನರು ಸ್ನಾನಮಾಡಿ, ದೂರದರ್ಶನದ ಪೆಟ್ಟಿಗೆಗೆ ಹೂವು ಮುಡಿಸಿ, ಊದುಬತ್ತಿ ಹಚ್ಚಿ ಕುಳಿತರು. ರಾಮನ ಪಾತ್ರವನ್ನು ಮಾಡಿದ ಅರುಣ್ ಗೋವಿಲ್ ಅವರು ಹೋದೆಡೆಯಲ್ಲೆಲ್ಲ ಜನ ಕಾಲಿಗೆ ಬಿದ್ದರು. ಒಮ್ಮೆ ತಾವು ಧೂಮಪಾನ ಮಾಡುತ್ತಿದ್ದುದನ್ನು ಕಂಡು ಒಬ್ಬನು ನೊಂದು ಗದರಿಸಿದನೆಂದೂ, ಆಮೇಲೆ ಆ ಚಟವನ್ನು ಬಿಟ್ಟೆವೆಂದೂ ಅವರೇ ಹೇಳಿಕೊಂಡಿದ್ದಾರೆ. ಚಟವನ್ನು ಬಿಟ್ಟುದು ಆ ನಟರ ಸೌಜನ್ಯ. ಆದರೆ ಗದರಿಸಿದವನು ನೊಂದುದು ಯಾರಿಗಾಗಿ? ರಾಮನಿಗೆ ಯಾವ ಕುಂದೂ ಬಂದಿರಲಿಲ್ಲ. ಕೂಲಿಗೆ ಬಣ್ಣ ಹಚ್ಚಿದ ಒಬ್ಬ ಗೃಹಸ್ಥನ ಹೆಗಲಿನ ಮೇಲೆ ತಾನೇ ಹೊರಿಸಿದ ದೇವತ್ವವು ಜಾರಿಬಿದ್ದಿತು, ಅಷ್ಟೆ.

ಇದರ ಮುಂದಿನ ಸಂಗತಿ ಇನ್ನೂ ಬೋಧಪ್ರದವಾದುದು. ಅದೇ ರಾಮಾಯಣದಲ್ಲಿ ಸೀತೆಯ ಪಾತ್ರ ಮಾಡಿದ ದೀಪಿಕಾ ಚಿಖ್ಲಿಯಾ ಅವರೂ ರಾವಣನ ಪಾತ್ರ ಮಾಡಿದ ಅರವಿಂದ ತ್ರಿವೇದಿ ಅವರೂ 1991ರಲ್ಲಿ ಗುಜರಾತಿನಿಂದ ಒಂದೇ ಲೋಕಸಭೆಗೆ ಚುನಾಯಿತರಾದರು. ಸೀತೆಗೂ ಮತ, ರಾವಣನಿಗೂ ಮತ! ಜನ ತೂಗಿದುದು ಪಾತ್ರದ ಗುಣವನ್ನೂ ಅಲ್ಲ, ಪಾತ್ರಧಾರಿಯ ಶೀಲವನ್ನೂ ಅಲ್ಲವೆಂದಾದರೆ, ಮೂರನೆಯದೊಂದು ವಸ್ತು ತಕ್ಕಡಿಯಲ್ಲಿ ಕುಳಿತಿತ್ತೆಂದು ತಿಳಿಯಬೇಕು. ಅದರ ಹೆಸರು ಪ್ರಸಿದ್ಧಿ. ಕಂಡ ಮುಖವು ಬಲ್ಲ ಮುಖವೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ನೂರು ಸಲ ನೋಡಿದ ಮಾತ್ರಕ್ಕೆ ಒಬ್ಬನನ್ನು ಅರಿತಂತಾಗದು. ಒಂದೇ ಬಾವಿಯ ನೀರನ್ನು ನೂರು ದಿನ ಸೇದಿದ ನೆರೆಯವನ ಗುಣವೇ ನಮಗೆ ಪೂರ್ತಿ ತಿಳಿದಿರುವುದಿಲ್ಲ.

ಶರಣರು ಕಲಾವಿದನನ್ನು ಕಂಡ ಬಗೆ

ಹಿಂದಿನ ಸಮಾಜದಲ್ಲಿ ಇದಕ್ಕೆ ವಿರುದ್ಧವಾದ ದೋಷವೂ ಇದ್ದಿತು. ನಟನ ಅನ್ನವನ್ನು ಉಣ್ಣಬಾರದೆಂದೂ, ಅವನ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದೂ ಮನುಸ್ಮೃತಿಯು ವಿಧಿಸಿತು. ಆಟವನ್ನು ನೋಡಿ ಸಂತೋಷಪಡುವುದು, ಆಡಿದವನನ್ನು ಹೊಸಿಲಿನ ಹೊರಗೆ ನಿಲ್ಲಿಸುವುದು! ಶೀಲವನ್ನು ವಿಚಾರಿಸದೆ ಕಸುಬಿನಿಂದಲೇ ಒಬ್ಬನನ್ನು ಹೀನನೆನ್ನುವುದೂ, ಶೀಲವನ್ನು ವಿಚಾರಿಸದೆ ಕಸುಬಿನಿಂದಲೇ ಒಬ್ಬನನ್ನು ಪೂಜ್ಯನೆನ್ನುವುದೂ ಒಂದೇ ತಪ್ಪಿನ ಎರಡು ಮುಖಗಳು.

12ನೆಯ ಶತಮಾನದ ಶರಣರು ಈ ಎರಡನ್ನೂ ಬಿಟ್ಟರು. ಬಹುರೂಪಿ ಚೌಡಯ್ಯನು ವೇಷಗಳನ್ನು ತೊಟ್ಟು ಜನರನ್ನು ರಂಜಿಸುವ ಕಾಯಕದವನು. ನಗೆಯ ಮಾರಿತಂದೆಯದು ನಗಿಸುವ ಕಾಯಕ. ರೇಕಣ್ಣಪ್ರಿಯ ನಾಗಿನಾಥ, ಆತುರವೈರಿ ಮಾರೇಶ್ವರ ಎಂಬ ಇವರ ಅಂಕಿತಗಳು ವಚನವಾಙ್ಮಯದಲ್ಲಿ ಉಳಿದ ಶರಣರ ಅಂಕಿತಗಳ ಸಮಕ್ಕೆ ನಿಂತಿವೆ. ಕಾಯಕವು ಅವರಿಗೆ ಅಡ್ಡಿಯಾಗಲಿಲ್ಲ. ಕಾಯಕದ ಮೆರುಗೇ ಅವರಿಗೆ ಶರಣತ್ವವನ್ನು ತಂದುಕೊಡಲೂ ಇಲ್ಲ. ವೇಷವನ್ನು ಕಳಚಿದ ಮೇಲೆ ಉಳಿದ ಅರಿವು ಆಚಾರಗಳಿಂದ ಅವರು ಶರಣರಾದರು. ಚೌಡಯ್ಯನಂತೂ ಬಹುರೂಪವೆಂಬ ತನ್ನ ಕಸುಬಿನ ಮಾತನ್ನೇ ಅನುಭಾವದ ಮಾತಾಗಿ ಮಾಡಿಕೊಂಡನು.

ಕಿನ್ನರಿ ಬೊಮ್ಮಯ್ಯನ ಕಥೆಯನ್ನೂ ಇಲ್ಲಿ ನೆನೆಯಬೇಕು. ಕಿನ್ನರಿಯನ್ನು ನುಡಿಸುವ ಈ ಶರಣನಿಗೆ ಈರುಳ್ಳಿ ಪ್ರಿಯವಾದ ಆಹಾರ. ಬಸವಣ್ಣನವರು ಅದನ್ನು ಹಳಿದಾಗ ಬೊಮ್ಮಯ್ಯನು ನೊಂದನು. ಬಸವಣ್ಣನವರು ತಮ್ಮ ಮಾತಿಗೆ ಪಶ್ಚಾತ್ತಾಪಪಟ್ಟು, ಈರುಳ್ಳಿಯನ್ನೇ ಮೆರವಣಿಗೆಯಲ್ಲಿ ತರಿಸಿ ಅವನನ್ನು ಸಂತೈಸಿದರೆಂದು ಪುರಾಣವು ಹೇಳುತ್ತದೆ. ನಮಗೆ ರುಚಿಸದುದು ಬೇರೆ, ಅನ್ಯಾಯವಾದುದು ಬೇರೆ. ಕಲಾವಿದನು ಮಿತಭಾಷಿಯಾಗಿರಬಹುದು, ಅಭಿಮಾನಿಗಳನ್ನು ಕಂಡು ನಗದಿರಬಹುದು, ಅವನ ಊಟ ಉಡುಗೆಗಳು ನಮ್ಮಂತಿಲ್ಲದಿರಬಹುದು. ಇವು ದೋಷಗಳಲ್ಲ, ಇವನ್ನು ಕೆದಕುವುದೇ ದೋಷ.

ಮೂರು ಅಳತೆಗಳು

ಒಬ್ಬನು ಏನನ್ನು ಕೊಡುವೆನೆಂದು ಮುಂದೆ ಬಂದಿದ್ದಾನೆಯೋ ಅದರಿಂದ ಅವನನ್ನು ಅಳೆಯಬೇಕು. ಇದು ಮೊದಲನೆಯ ಅಳತೆ. ನಟನು ನಟನೆಯನ್ನು ಕೊಡುವೆನೆಂದನು. ನಟನೆ ಸೊಗಸಾಗಿದ್ದರೆ ಋಣ ತೀರಿತು. ಆದರೆ ದಾರಿಯನ್ನು ತೋರುವೆನೆಂದು ಗುರುಪೀಠದಲ್ಲಿ ಕುಳಿತವನ ಮಾತು ಬೇರೆ. ಅವನು ಕೊಡುವ ವಸ್ತುವೇ ಆಚಾರವಾದುದರಿಂದ ಅವನ ನಡೆಯನ್ನು ಕೇಳುವ ಅಧಿಕಾರ ಭಕ್ತನಿಗುಂಟು. ನಡೆನುಡಿಗಳು ಒಂದಾಗದ ವೇಷಧಾರಿಯನ್ನು ಶರಣರು ಅಷ್ಟು ಕಠಿಣವಾಗಿ ಖಂಡಿಸಿದುದು ಈ ಕಾರಣದಿಂದ. ನಟನಿಂದ ಗುರುತ್ವವನ್ನು ಬೇಡುವುದೂ, ಗುರುವಿನಲ್ಲಿ ಬರಿಯ ನಟನೆಗೆ ತೃಪ್ತಿಪಡುವುದೂ ಎರಡೂ ಸಲ್ಲವು.

ಎರಡನೆಯದು, ಒಂದು ಆನಂದದಲ್ಲಿ ಎಷ್ಟು ಜನರ ಪಾಲಿದೆಯೆಂದು ಲೆಕ್ಕವಿಡುವುದು. ಮಲ್ಲಿಕಾರ್ಜುನ ಮನ್ಸೂರರು (1910–1992) ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ರಮುಖರು. ಅಲ್ಲಿ ನುಡಿಯು ಶರಣರದು; ಗಾಯನದ ಮಾರ್ಗವು ಅವರಿಗೆ ಕಲಿಸಿದ ಮಂಜಿಖಾನ್, ಬುರ್ಜಿಖಾನ್ ಎಂಬ ಜಯಪುರ-ಅತ್ರೌಲಿ ಘರಾಣೆಯ ಉಸ್ತಾದರದು; ಕಂಠವೂ ಸಾಧನೆಯೂ ಮನ್ಸೂರರದು; ಕರಗಿದ ಹೃದಯ ಕೇಳಿದವನದು. ಯಾವ ಗಾಯಕನ ಹಾಡಿನಲ್ಲಿಯಾದರೂ ಇಂತಹ ನಾಲ್ಕು ಪಾಲುಗಳಿರುತ್ತವೆ. ಒಂದು ಪಾಲಿನ ಒಡೆಯನು ಕೆಟ್ಟನೆಂದು ತಿಳಿದಾಗ ಉಳಿದ ಮೂರನ್ನು ಚೆಲ್ಲುವುದು ಅವಿವೇಕ.

ಮೂರನೆಯ ಅಳತೆಯು ಅತ್ಯಂತ ಮುಖ್ಯವಾದುದು. ಮೆಚ್ಚುಗೆಯು ನ್ಯಾಯದ ಕಣ್ಣನ್ನು ಕಟ್ಟಬಾರದು. ಪ್ರಸಿದ್ಧನೊಬ್ಬನು ಹೆಂಗಸನ್ನೋ ಆಳನ್ನೋ ಎಳೆಯರನ್ನೋ ನೋಯಿಸಿದನೆಂಬ ದೂರು ಬಂದರೆ, ಅವನ ಹಾಡು ಅದಕ್ಕೆ ಉತ್ತರವಲ್ಲ. ನೊಂದವರ ಮಾತನ್ನು ಕೇಳದೆ ಅವರನ್ನೇ ಹಳಿಯುವ ಅಭಿಮಾನವು, ಸಂತೋಷವನ್ನು ಲಂಚವಾಗಿ ತೆಗೆದುಕೊಂಡು ಹೇಳಿದ ಸುಳ್ಳುಸಾಕ್ಷಿಯಾಗುತ್ತದೆ. ಅಂತೆಯೇ ವಿಚಾರಣೆಗೆ ಮೊದಲೇ ಗಾಳಿಮಾತಿನಿಂದ ಕಲ್ಲೆಸೆಯುವುದೂ ಸುಳ್ಳುಸಾಕ್ಷಿಯೇ. ತಪ್ಪು ಸ್ಥಿರಪಟ್ಟಲ್ಲಿ ಶಿಕ್ಷೆಯಾಗಲಿ. ಹಾಡು ಚೆನ್ನಾಗಿದ್ದರೆ ಚೆನ್ನಾಗಿದೆಯೆನ್ನಲಿ. ಅವನ ಹಾಡನ್ನು ಕೇಳಿದರೆ ನೊಂದವರ ನೆನಪು ಬಂದು ಮನಸ್ಸು ಒಲ್ಲೆನೆಂದರೆ ಕೇಳದಿರುವುದೂ ಸಹಜವೇ. ಕೇಳಲೇಬೇಕೆಂಬ ಕಟ್ಟಳೆಯೇನೂ ಇಲ್ಲ.

ಮನೆಯಲ್ಲಿ ಆಚರಿಸುವ ಬಗೆ

ಮಕ್ಕಳು ಒಬ್ಬ ನಟನ ಚಿತ್ರವನ್ನು ಗೋಡೆಗೆ ಅಂಟಿಸಿದರೆ ತಂದೆತಾಯಿಗಳು ಹರಿದೆಸೆಯುವುದು ಬೇಡ. ಅವನಲ್ಲಿ ಏನು ಮೆಚ್ಚಿಗೆಯೆಂದು ಕೇಳಲಿ. ಕುಣಿತವೆಂದರೆ ಕುಣಿತ, ಮಾತಿನ ಬೆಡಗೆಂದರೆ ಬೆಡಗು. ಆ ಮೆಚ್ಚುಗೆಗೆ ಒಂದು ಹೆಸರು ಕೊಟ್ಟು ಹೇಳಲು ಕಲಿತ ಮಗುವು ಮುಂದೆ ಮೋಸಹೋಗದು. ಅವನು ಆಡಿದುದೆಲ್ಲ ಸರಿ, ತೊಟ್ಟುದೆಲ್ಲ ಸರಿ, ಹಗೆಯೆಂದವನು ಹಗೆ ಎಂಬಲ್ಲಿಗೆ ಬಂದಾಗ ಮಾತ್ರ ಎಚ್ಚರಿಸಬೇಕು. ಶೀಲಕ್ಕೆ ಮಾದರಿ ಬೇಕಾದರೆ ಹತ್ತಿರದಲ್ಲಿ ಹುಡುಕಬೇಕು. ಕಷ್ಟದ ವರ್ಷದಲ್ಲಿಯೂ ಅಳತೆಯನ್ನು ಕಡಮೆ ಮಾಡದ ಅಂಗಡಿಯವನು, ಹಾಸಿಗೆ ಹಿಡಿದ ಅತ್ತೆಯನ್ನು ಬೇಸರವಿಲ್ಲದೆ ನೋಡಿಕೊಂಡ ಸೊಸೆ ಇಂತಹವರ ನಡೆಯನ್ನು ದಿನವೂ ಕಂಡು ಪರೀಕ್ಷಿಸಬಹುದು. ಅವರಿಗೆ ಚಪ್ಪಾಳೆಯಿಲ್ಲ, ಆದರೆ ವಂದನೆಗೆ ಅವರೇ ಪಾತ್ರರು.

ಕಡೆಗೆ ಈ ವಿಚಾರವು ತಿರುಗಿ ಪ್ರತಿಯೊಬ್ಬ ಭಕ್ತನ ಮನೆಯ ಬಾಗಿಲಿಗೇ ಬರುತ್ತದೆ. ವೇಷವೆಂಬುದು ರಂಗದ ಮೇಲೆ ಮಾತ್ರ ಇಲ್ಲ. ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ, ಸಭೆಯಲ್ಲಿ ಆಡುವ ಸವಿಮಾತು ಇವನ್ನು ಕಂಡು ನೆರೆಯವರು ನಂಬುತ್ತಾರೆ. ನಟನಿಗೆ ಆಟ ಮುಗಿದ ಮೇಲೆ ಬಣ್ಣ ತೊಳೆದುಕೊಳ್ಳುವ ಅಧಿಕಾರವಿದೆ. ಇದು ಆಟವೆಂದು ಅವನು ಮೊದಲೇ ಸಾರಿದ್ದಾನೆ. ಲಿಂಗವನ್ನು ಧರಿಸಿದವನಿಗೆ ಆ ಬಿಡುವಿಲ್ಲ. ಪರರ ನೇಪಥ್ಯವನ್ನು ಇಣಿಕಿ ನೋಡುವ ಹೊತ್ತನ್ನು ತನ್ನ ನೇಪಥ್ಯವನ್ನು ಗುಡಿಸುವುದರಲ್ಲಿ ಕಳೆದರೆ, ಹಾಡಿದವನ ಹಾಡೂ ಸಾರ್ಥಕವಾದೀತು, ಕೇಳಿದವನ ಬಾಳೂ ಸಾರ್ಥಕವಾದೀತು.