ರಂಗಸ್ಥಳದ ದೃಶ್ಯವು ಮಾರ್ಪಡುವ ಬಗೆ

ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕವಾಡಿದ ನಾವೆಲ್ಲರೂ ಒಂದು ಸಂಕಟವನ್ನು ಬಲ್ಲೆವು. ಅರಮನೆಯ ದೃಶ್ಯವು ಮುಗಿದು ಪರದೆಯು ಇಳಿಯುವದು. ಒಳಗೆ ಸಿಂಹಾಸನವನ್ನು ಎಳೆಯುವವರೂ ಕಾಡಿನ ಮರಗಳನ್ನು ನಿಲ್ಲಿಸುವವರೂ ಒಬ್ಬರಿಗೊಬ್ಬರು ಅಡ್ಡಬರುವರು. ಹೊರಗೆ ಸಭಿಕರ ಗುಸುಗುಸು ಹೆಚ್ಚುವದು. ಪರದೆಯು ಮತ್ತೆ ಏಳುವಷ್ಟರಲ್ಲಿ ಕಥೆಯ ರಸವು ಆರಿಹೋಗಿರುವದು. ಈ ತೊಂದರೆಯನ್ನು ಹಿಂದಿನವರು ಹೇಗೆ ಪರಿಹರಿಸಿಕೊಂಡರೆಂಬದನ್ನು ವಿಚಾರಿಸೋಣ.

ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಸಮೀಪದಲ್ಲಿ ಡ್ರಾಟ್‌ನಿಂಗ್‌ಹೋಲ್ಮ್ ಎಂಬ ಅರಮನೆಯುಂಟು. ಅದರ ನಾಟಕಶಾಲೆಯು 1766ರಲ್ಲಿ ಕಟ್ಟಲ್ಪಟ್ಟಿತು. ರಂಗದ ಯಂತ್ರಗಳನ್ನು ಇಟಲಿಯವನಾದ ದೊನಾತೊ ಸ್ತೊಪಾನಿಯು ರಚಿಸಿದನು. ಅಲ್ಲಿಯ ರಂಗದ ಹಲಗೆಗಳಲ್ಲಿ ಉದ್ದವಾದ ಸೀಳುಗಂಡಿಗಳಿವೆ. ಕೆಳಗಣ ನೆಲಮಾಳಿಗೆಯಲ್ಲಿ ಗಾಲಿಯುಳ್ಳ ಚಿಕ್ಕ ಬಂಡಿಗಳಿವೆ. ಪ್ರತಿಯೊಂದು ಬಂಡಿಯ ಕಂಬವು ಗಂಡಿಯ ಮೂಲಕ ಮೇಲಕ್ಕೆದ್ದು, ಬಣ್ಣ ಬರೆದ ಸೈಡುವಿಂಗನ್ನು ಹೊತ್ತಿರುವದು. ಒಂದೊಂದು ಸ್ಥಾನಕ್ಕೂ ಎರಡೆರಡು ಬಂಡಿಗಳಿರುವದರಿಂದ, ಒಂದು ಸಭಿಕರಿಗೆ ಕಾಣುತ್ತಿರುವಾಗ ಮತ್ತೊಂದು ಮರೆಯಲ್ಲಿರುವದು. ಮುಂದಿನ ದೃಶ್ಯದ ವಿಂಗನ್ನು ಈ ಎರಡನೆಯದಕ್ಕೆ ಮೊದಲೇ ಕಟ್ಟಿಡುವರು. ಬಂಡಿಗಳ ಹಗ್ಗಗಳೆಲ್ಲವೂ ಒಂದೇ ತಿರುಗುದಿಂಡಿಗೆ ಸೇರಿವೆ. ಆಳುಗಳು ಅದನ್ನು ತಿರುಗಿಸಿದೊಡನೆ ಎರಡು ಪಕ್ಕಗಳಲ್ಲಿಯೂ ಹಳೆಯ ವಿಂಗುಗಳು ಒಳಕ್ಕೆ ಸರಿಯುವವು, ಹೊಸವು ಹೊರಕ್ಕೆ ಬರುವವು. ಪರದೆಯನ್ನು ಬಿಡದೆ, ಸಭಿಕರ ಕಣ್ಣೆದುರಿನಲ್ಲಿಯೇ, ಕೆಲವೇ ಕ್ಷಣಗಳಲ್ಲಿ ಅರಮನೆಯು ಅರಣ್ಯವಾಗುವದು!

1792ರಲ್ಲಿ ಅರಸನಾದ ಮೂರನೆಯ ಗುಸ್ತಾವನು ಮಡಿದ ಬಳಿಕ ಈ ನಾಟಕಶಾಲೆಯು ಹಾಳುಸುರಿಯಿತು. ನೂರಕ್ಕೂ ಹೆಚ್ಚು ವರುಷ ಅದನ್ನು ಕೇಳುವವರಿರಲಿಲ್ಲ. 1921ರಲ್ಲಿ ಆಗ್ನೆ ಬೆಯೆರ್ ಎಂಬ ಪಂಡಿತನು ಒಳಹೊಕ್ಕು ನೋಡಲು, ಮರದ ಯಂತ್ರಗಳು ಧೂಳಿನೊಳಗೆ ಹಾಗೆಯೇ ಇದ್ದವು. ಹಗ್ಗಗಳನ್ನು ಹೊಸದಾಗಿ ಹಾಕಲು ಅವು ಮತ್ತೆ ತಿರುಗಿದವು. 1922ರಿಂದ ಅಲ್ಲಿ ಪುನಃ ನಾಟಕಗಳಾಗುತ್ತಿವೆ.

ನಮ್ಮ ಕನ್ನಡ ನಾಡಿನ ಕಂಪೆನಿಗಳಿಗೆ ಇಂಥ ನೆಲಮಾಳಿಗೆಯ ಅನುಕೂಲವೆಲ್ಲಿ? ಊರೂರು ತಿರುಗಿ ತಗಡಿನ ಕೊಟ್ಟಿಗೆಯಲ್ಲಿ ಆಡಬೇಕಾದ ಅವರು ಬೇರೊಂದು ಉಪಾಯವನ್ನು ಅವಲಂಬಿಸಿದರು. ರಂಗದ ಮುಂಭಾಗದಲ್ಲಿ ಬೀದಿಯ ಪರದೆಯನ್ನು ಇಳಿಬಿಟ್ಟು, ಅದರೆದುರಿಗೆ ಹಾಸ್ಯದ ಪ್ರಸಂಗವನ್ನು ಆಡಿಸುವರು. ಜನರು ನಗುತ್ತಿರುವಾಗಲೇ ಹಿಂದೆ ಸದ್ದಿಲ್ಲದೆ ದರ್ಬಾರಿನ ಸೀನು ಸಿದ್ಧವಾಗುವದು. ಪರದೆಯು ಸುರುಳಿಸುತ್ತಿ ಮೇಲೇರಿದೊಡನೆ ಸಭೆಯೇ ಬೆರಗಾಗುವದು.

ಈ ಎರಡು ಕ್ರಮಗಳ ಗುಟ್ಟು ಒಂದೇ: ಮುಂದಿನ ದೃಶ್ಯವು ಹಿಂದಿನದು ಮುಗಿಯುವದಕ್ಕೆ ಮೊದಲೇ ಸಿದ್ಧವಾಗಿರತಕ್ಕದ್ದು. ನಮ್ಮ ಚಿಕ್ಕ ರಂಗಕ್ಕೂ ಇದು ಸಾಧ್ಯ. ಒಬ್ಬೊಬ್ಬಳಿಗೆ ಒಂದೊಂದು ವಸ್ತುವನ್ನು ಒಪ್ಪಿಸೋಣ. ಅದು ನಿಲ್ಲುವ ಸ್ಥಳವನ್ನು ಸೀಮೆಸುಣ್ಣದಿಂದ ಗುರುತಿಸೋಣ. ತೆಗೆಯುವವರು ಒಂದು ಪಕ್ಕದಿಂದಲೂ ತರುವವರು ಇನ್ನೊಂದು ಪಕ್ಕದಿಂದಲೂ ನಡೆಯಲಿ. ಅಪ್ಪಣೆ ಕೊಡುವ ಧ್ವನಿಯು ಒಂದೇ ಆಗಿರಲಿ. ಮೇಲಿನಿಂದ ಭಾರವಾದದ್ದು ಇಳಿಯುವಾಗ ಅದರ ಕೆಳಗೆ ಯಾರೂ ನಿಲ್ಲಕೂಡದು. ಪಾತ್ರಧಾರಿಣಿಯರಂತೆ ಇವರಿಗೂ ಎರಡು ಮೂರು ದಿವಸ ಅಭ್ಯಾಸವು ಬೇಕು.

ಹಗ್ಗವನ್ನೆಳೆದವಳ ಮುಖವನ್ನು ಸಭಿಕರು ಕಾಣರು, ಅವಳಿಗೆ ಚಪ್ಪಾಳೆಯೂ ಇಲ್ಲ. ಆದರೆ ಅವಳು ಒಂದು ಕ್ಷಣ ಮೈಮರೆತರೆ ರಾಣಿಯ ಮಾತು ಕಾಡಿನ ನಡುವೆ ಕೇಳಬೇಕಾದೀತು! ಮುಂದಿನ ವರುಷದ ನಾಟಕಕ್ಕೆ ಪಾತ್ರಗಳನ್ನು ಹಂಚುವ ದಿನವೇ ಇವರ ಹೆಸರುಗಳನ್ನೂ ಬರೆದಿಡೋಣ.