ಹಾಲೋಜನ್ ಲೈಟು ಹಿಡಿದವನ ಏಳು ಪಾಠ

1996ರಲ್ಲಿ ರಾಮನಗರದ ಒಂದು ಸ್ಟುಡಿಯೋದಲ್ಲಿ ಲೈಟು ಹಿಡಿಯುವ ಹುಡುಗನಾಗಿ ಸೇರಿಕೊಂಡೆ. ನಮ್ಮ ಮಾಲೀಕರ ಹೆಗಲ ಮೇಲೆ ಪ್ಯಾನಸೋನಿಕ್ ಎಂ-9000 ಕ್ಯಾಮೆರಾ, ನನ್ನ ಕೈಯಲ್ಲಿ ಹಾಲೋಜನ್. ಧಾರೆ ಹೊತ್ತಿಗೆ ಅದರ ಕಾವು ತಾಳಲಾರದೆ ಪುರೋಹಿತರು ಮಂತ್ರದ ನಡುವೆಯೇ "ಆಚೆ ಹಿಡಿಯೋ" ಅಂತ ಬೈಯುತ್ತಿದ್ದರು. ಈಗ ನಂದೇ ಪುಟ್ಟ ಸ್ಟುಡಿಯೋ ಇದೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ಎಷ್ಟು ಮದುವೆ ತೆಗೆದೆನೋ ಲೆಕ್ಕ ಇಟ್ಟಿಲ್ಲ. ತಪ್ಪು ಮಾಡಿ ಕಲಿತದ್ದರ ಲೆಕ್ಕ ಮಾತ್ರ ಇದೆ.

1. ಜಾಗಕ್ಕಿಂತ ಹೊತ್ತು ಮುಖ್ಯ

ಪ್ರಿ-ವೆಡ್ಡಿಂಗ್ ಶೂಟ್‌ಗೆ ಬರುವ ಜೋಡಿಗಳಲ್ಲಿ ಅರ್ಧಕ್ಕರ್ಧ ಕೇಳುವುದು ಒಂದೇ ಮಾತು: "ಅಣ್ಣ, ಗಬ್ಬರ್ ಸಿಂಗ್ ಬಂಡೆ ಎಲ್ಲಿ?" ರಾಮದೇವರ ಬೆಟ್ಟದ ಬುಡದಲ್ಲಿ ರಾಮ್‌ಗಢದ ಸೆಟ್ ಹಾಕಿ ರಮೇಶ್ ಸಿಪ್ಪಿ 'ಶೋಲೆ' ಶುರು ಮಾಡಿದ್ದು 1973ರ ಅಕ್ಟೋಬರ್‌ನಲ್ಲಿ. ಊರಿನ ಒಂದು ಭಾಗಕ್ಕೆ ಸ್ವಲ್ಪ ಕಾಲ ಸಿಪ್ಪಿ ನಗರ ಅಂತಲೇ ಹೆಸರಿತ್ತು. ಸೆಟ್ಟು ಎಂದೋ ಹೋಯಿತು, ಬಂಡೆ ಇದೆ. ಹುಡುಗ ಅದರ ಮೇಲೆ ಬೆಲ್ಟ್ ಎಳೆದುಕೊಂಡು ಓಡಾಡುತ್ತಾನೆ, ಹುಡುಗಿ ನಗುತ್ತಾಳೆ, ಅಲ್ಲಿಗೆ ಐಡಿಯಾ ಖಾಲಿ.

ಅವರಿಗೆ ನಾನು ಅದೇ ಚಿತ್ರದ ದೀಪದ ಕಥೆ ಹೇಳುತ್ತೇನೆ. ಅಮಿತಾಭ್ ಹೊರಗೆ ಕೂತು ಮೌತ್ ಆರ್ಗನ್ ನುಡಿಸುತ್ತಿದ್ದಾನೆ, ಜಯಾ ಎದುರು ಮನೆಯಲ್ಲಿ ದೀಪದಿಂದ ದೀಪಕ್ಕೆ ನಡೆಯುತ್ತಿದ್ದಾಳೆ. ಮಾತಿಲ್ಲ. ತೆರೆಯ ಮೇಲೆ ಎರಡು ಪುಟ್ಟ ದೃಶ್ಯ, ತೆಗೆಯಲು ಹಿಡಿದದ್ದು 20 ದಿನ. ಕ್ಯಾಮೆರಾಮನ್ ದ್ವಾರಕಾ ದಿವೇಚಾ ಅವರಿಗೆ ಬೇಕಿದ್ದ ಬೆಳಕು ಹೊತ್ತು ಮುಳುಗಿ ಕತ್ತಲಾಗುವ ನಡುವೆ ಕೆಲವೇ ನಿಮಿಷ ಸಿಗುವಂಥದ್ದು. ಅಷ್ಟು ನಿಮಿಷಕ್ಕಾಗಿ ದಿನವೂ ಕಾದವರು ಅವರು. ನಮ್ಮ ಜೋಡಿಗಳು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹನ್ನೊಂದು ಗಂಟೆಗೆ ಇಳಿಯುತ್ತಾರೆ. ನೆತ್ತಿ ಬಿಸಿಲಲ್ಲಿ ಮೂಗಿನ ನೆರಳು ತುಟಿಯ ಮೇಲೆ ಬಿದ್ದು, ಎಂಥ ಚೆಲುವೆಗೂ ಮೀಸೆ ಬರುತ್ತದೆ! ಈಗ ಬುಕಿಂಗ್ ಚೀಟಿಯಲ್ಲೇ ಬರೆದುಬಿಡುತ್ತೇನೆ: ಸಂಜೆ ನಾಲ್ಕೂವರೆ. ಒಪ್ಪದವರಿಗೆ ಊರಲ್ಲಿ ಬೇರೆ ಸ್ಟುಡಿಯೋಗಳಿವೆ.

2. ಕಲ್ಲು ತಾನಾಗಿ ಕಥೆ ಹೇಳುವುದಿಲ್ಲ

ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ನಿರ್ದೇಶಕ ಡೇವಿಡ್ ಲೀನ್ ಬಂದದ್ದು 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಮರಾಬಾರ್ ಗುಹೆಗಳಿಗಾಗಿ. ಚಿತ್ರಕ್ಕೆ ಆಧಾರವಾದ ಕಾದಂಬರಿಯಲ್ಲಿ ಆ ಗುಹೆಗಳಿಗೆ ಮೂಲ ಬಿಹಾರದ ಬರಾಬರ್. ಲೀನ್‌ಗೆ ಅವು ಸಪ್ಪೆ ಎನಿಸಿದವು. ರಾಮನಗರದ ಬಂಡೆಯೂ ಸಾವನದುರ್ಗದ ಬಂಡೆಯೂ ಒಂದೇ ಕಲ್ಲು. ಭೂವಿಜ್ಞಾನಿಗಳು ನಮ್ಮೂರಿನ ಹಳೆಯ ಹೆಸರಿನಲ್ಲೇ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಸಿಪ್ಪಿ ಅದರಲ್ಲಿ ಡಕಾಯಿತರ ಅಡ್ಡೆ ಕಂಡರು, ಲೀನ್ ಹೆಣ್ಣೊಬ್ಬಳ ಎದೆಯ ದಿಗಿಲು ಕಂಡರು. ರಣಹದ್ದು ಮನೆ ಕಂಡಿತು.

3. ಡ್ರೋನ್ ಇದೆ ಅಂತ ಹಾರಿಸಬಾರದು

ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಚಾಚಿನ ಮೇಲೆ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತದೆ. ನಿಮ್ಮ ಮದುವೆಯ ಹತ್ತು ಸೆಕೆಂಡಿನ ರೀಲ್‌ಗೆ ಅದು ಗೂಡು ಬಿಟ್ಟು ಏಳಬೇಕಾಗಿಲ್ಲ. ಚಪ್ಪರದ ಮೇಲೆ ಹಾರಿಸೋಣ ಬನ್ನಿ, ನಿಮ್ಮ ಸೋದರಮಾವ ಏಣಿ ಹತ್ತಿ ಸೀರಿಯಲ್ ಸೆಟ್ ಕಟ್ಟುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

4. ಬಣ್ಣ ಒಳಗಿನ ಬಿಸಿಗೆ ಹತ್ತಬೇಕು

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಹಿರಿಯರೊಬ್ಬರ ಮನೆ ಮದುವೆ. ಮಾರನೆಯ ದಿನ ಅವರ ಪಟ್ಟಡಿಗೆ ಹೋಗಿ ಕೂತೆ, ಹಾಗೇ ಒಂದಷ್ಟು ಶಾಟ್ ತೆಗೆಯೋಣ ಅಂತ. ತಿಂಗಳುಗಟ್ಟಲೆ ಒಣಗಿಸಿದ ಆಲೆ ಮರದ ತುಂಡು ಲೇಥ್‌ನಲ್ಲಿ ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿಸಿದರು, ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಮೊಣಕೈವರೆಗೂ ಏರಿತು. ಆಮೇಲೆ ಅರಗಿನ ಕಡ್ಡಿ ಒತ್ತಿದರು. ಉಜ್ಜಾಟದ ಬಿಸಿಗೆ ಅರಗು ಕರಗಿ ಕೆಂಪು ಹರಡಿತು. ಕೊನೆಗೆ ಒಣ ತಾಳೆಗರಿ ಮಡಚಿ ಹಿಡಿದದ್ದೇ ತಡ, ಮಂಕಾಗಿದ್ದ ಕೆಂಪು ಹೊಳೆಯಿತು. "ಬ್ರಷ್ ಇಲ್ವಾ?" ಎಂದೆ. "ಬಳಿಯೋದಲ್ಲ ಸ್ವಾಮಿ, ಬಿಸಿಗೆ ತಾನೇ ಹತ್ಕೋಬೇಕು. ಬಳಿದಿದ್ದು ಮಗು ಬಾಯಿಗೆ ಬಂದ್ಬಿಡುತ್ತೆ" ಅಂದರು.

ಅವತ್ತಿನವರೆಗೆ ನಾನು ಎಡಿಟಿಂಗ್‌ನಲ್ಲಿ ಮಾಡುತ್ತಿದ್ದುದು ಬರೀ ಬಳಿಯುವ ಕೆಲಸ. ಯಾವುದೋ ಹಿಟ್ ಸಿನಿಮಾದ ಕಂದು-ನೀಲಿ ಬಣ್ಣ ತಂದು ಎಲ್ಲ ಮದುವೆಗೂ ಒಂದೇ ಸಮ ಹಚ್ಚುತ್ತಿದ್ದೆ. ಅರಿಶಿನ ಕಂದಾಗುತ್ತಿತ್ತು, ಮಾವಿನ ತೋರಣ ಒಣಗಿದಂತೆ ಕಾಣುತ್ತಿತ್ತು. ಈಗ ಆ ಮನೆಯ ಗೋಡೆ ಯಾವ ಬಣ್ಣ, ಧಾರೆ ಸೀರೆ ಯಾವ ಬಣ್ಣ ನೋಡಿಕೊಂಡೇ ಕೂರುತ್ತೇನೆ. ಕೆಲಸ ದುಪ್ಪಟ್ಟು, ದುಡ್ಡು ಅಷ್ಟೇ.

5. ಹೊಸ ಎಫೆಕ್ಟಿನ ಆಯುಷ್ಯ ಕಮ್ಮಿ

ಹೃದಯದೊಳಗೆ ವಧು, ಕಮಲ ಅರಳಿ ಅದರೊಳಗೆ ವರ. 1998ರಲ್ಲಿ ಅದಕ್ಕೆ ಜನ ಹೆಚ್ಚು ದುಡ್ಡು ಕೊಡುತ್ತಿದ್ದರು. ಇವತ್ತು ಅವರ ಮಕ್ಕಳು ಅದನ್ನೇ ನೋಡಿ ಬಿದ್ದು ಬಿದ್ದು ನಗುತ್ತಾರೆ. ಸ್ಲೋ ಮೋಷನ್‌ನ ಸರದಿಯೂ ಬರುತ್ತೆ.

6. ಎಐಗೆ ಆ ಮನುಷ್ಯ ಗೊತ್ತಿಲ್ಲ

ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದಳು. ತಂದೆ ತೀರಿಕೊಂಡಿದ್ದರು. ಧಾರೆಯ ಫೋಟೋದಲ್ಲಿ ಅಪ್ಪ ಪಕ್ಕದಲ್ಲಿ ನಿಂತಿರೋ ಹಾಗೆ ಎಐನಲ್ಲಿ ಮಾಡಿಕೊಡಿ ಅಂದಳು. ಮಾಡಿದೆ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಪಂಚೆ, ರೇಷ್ಮೆ ಶಲ್ಯ, ತುಂಬು ನಗು. ಅವಳ ತಾಯಿ ತುಂಬ ಹೊತ್ತು ನೋಡಿದರು. "ಚೆನ್ನಾಗೈತೆ ಕಣಪ್ಪ. ಆದ್ರೆ ನಮ್ಮೋರು ಹಿಂಗೆ ಹಲ್ಲು ಬಿಟ್ಟು ನಗ್ತಿರ್ಲಿಲ್ಲ" ಅಂದರು.

ಮನೆಯ ಹಳೇ ಆಲ್ಬಂ ತರಿಸಿದೆ. ಒಂದು ಫೋಟೋದಲ್ಲಿ ಅಪ್ಪ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತಮ್ಮ ಲಾಟಿನ ಮುಂದೆ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬೆಲೆ ಎಷ್ಟಾಗುತ್ತೋ ಅನ್ನುವ ಮುಖದಲ್ಲಿ ನಿಂತಿದ್ದರು. ಅದನ್ನೇ ದೊಡ್ಡದು ಮಾಡಿ ಕೊಟ್ಟೆ. ಆ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಬೆಲೆ ಒತ್ತುವುದು ಫೋನಿನಲ್ಲಿ. ಆದರೆ ಒತ್ತುವ ಮುಂಚೆ ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಳಗಿನ ಹುಳುವಿನ ಸದ್ದು ಕೇಳಲಿಕ್ಕೆ. ನಾನು ಎಐ ಬಿಟ್ಟಿಲ್ಲ. ಗಾಳಿ ಸದ್ದು ತೆಗೆಯುವುದಕ್ಕೆ ಅದರಷ್ಟು ಒಳ್ಳೆಯ ಆಳು ಸಿಗುವುದಿಲ್ಲ. ಅಲ್ಲಾಡಿಸಿ ನೋಡುವ ಕೆಲಸ ಮಾತ್ರ ನಂದೇ.

7. ಸದ್ದನ್ನು ಅಳಿಸಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತದೆ. 1999, ಕನಕಪುರದ ಕಡೆ ಒಂದು ಹಳ್ಳಿ. ಚಪ್ಪರದ ರಾತ್ರಿ ಹುಡುಗಿಯ ಅಜ್ಜಿ ಕಂಬಕ್ಕೆ ಒರಗಿ ಕೂತು ಸೋಬಾನೆ ಹೇಳಿದರು. ಒಬ್ಬರೇ ಎತ್ತುವುದು, ಉಳಿದ ಹೆಂಗಸರು ಸೊಲ್ಲು ಹಿಡಿಯುವುದು. ಮುಕ್ಕಾಲು ಗಂಟೆ. ಮಿಕ್ಸಿಂಗ್‌ನಲ್ಲಿ ಅದು ಬೋರು ಅನ್ನಿಸಿತು. ಸದ್ದು ತೆಗೆದು ಮೇಲೆ ಸಿನಿಮಾ ಹಾಡು ಹಾಕಿದೆ. ಮೂಲ ಕ್ಯಾಸೆಟ್ಟನ್ನು, ದುಡ್ಡುಳಿಸಲು, ಮುಂದಿನ ಮದುವೆಗೆ ಬಳಸಿಕೊಂಡೆ. ಆರು ವರ್ಷ ಕಳೆದು ಆ ಹುಡುಗಿ ಸ್ಟುಡಿಯೋ ಹುಡುಕಿಕೊಂಡು ಬಂದಳು. "ಅಜ್ಜಿ ಹೋಗ್ಬಿಟ್ರು ಅಣ್ಣ. ವಿಡಿಯೋದಲ್ಲಿ ಬಾಯಿ ಆಡುತ್ತೆ, ಧ್ವನಿ ಇಲ್ಲ."

ನಮ್ಮೂರಿನ ಹೆದ್ದಾರಿಯ ಪಕ್ಕದಲ್ಲೇ ಜಾನಪದ ಲೋಕ ಅನ್ನುವ ಜನಪದ ಕಲೆಗಳ ಸಂಗ್ರಹಾಲಯ ಇದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿಯಲ್ಲಿ ಇಂಥ ಹಾಡುಗಳನ್ನೇ ತುಂಬಿಸಿಕೊಂಡವರು. ಆ ಗೇಟಿನ ಮುಂದೆ ನಾನು ದಿನಾ ಓಡಾಡುತ್ತಿದ್ದೆ, ಟ್ರೈಪಾಡ್ ಹೊತ್ತುಕೊಂಡು.

ಈಗ ಯಾವ ಮದುವೆಯ ಮೂಲ ಫೈಲನ್ನೂ ಅಳಿಸುವುದಿಲ್ಲ. ಹಾರ್ಡ್ ಡಿಸ್ಕುಗಳು ಬೀರು ತುಂಬಿವೆ, ಹೆಂಡತಿ ಬೈಯುತ್ತಾಳೆ. ನಿಮ್ಮ ಅಟ್ಟದ ಮೇಲೆ ವಿಎಚ್‌ಎಸ್ ಕ್ಯಾಸೆಟ್ ಬಿದ್ದಿದ್ದರೆ ಈ ವಾರವೇ ಇಳಿಸಿ. ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರ್‌ಗೆ ತುರುಕಬೇಡಿ, ಇನ್ನೂ ಕೆಡುತ್ತದೆ. ಹಾಗೇ ಬಟ್ಟೆಯಲ್ಲಿ ಸುತ್ತಿ ಹತ್ತಿರದ ಹಳೇ ಸ್ಟುಡಿಯೋದವರ ಹತ್ತಿರ ತೆಗೆದುಕೊಂಡು ಹೋಗಿ.